ಎಷ್ಟು ಮೊಳದ ಕಹಳೆ?

ಮದುವೆಯ ಮೆರವಣಿಗೆ ಇನ್ನೂ ಎರಡು ಬೀದಿ ಆಚೆ ಇರುವಾಗಲೇ ನಿಮ್ಮ ಮನೆಯ ಜಗಲಿಗೆ ಬಂದು ಮುಟ್ಟುವ ನಾದ ಯಾವುದೆಂದು ಎಂದಾದರೂ ಕಿವಿಗೊಟ್ಟು ಕೇಳಿದ್ದೀರಾ? ಕ್ಲಾರಿಯೊನೆಟ್ಟಿನ ಹಾಡಲ್ಲ, ಅದು ಮೂಲೆ ತಿರುಗಿದ ಮೇಲೆ ಸ್ಪಷ್ಟವಾಗುವಂಥದು. ಮೊದಲು ಬರುವುದು ಡ್ರಮ್ಮಿನ ಪೆಟ್ಟು. ಅದರ ಜೊತೆಗೆ ‘ಭೋಂ, ಭೋಂ’ ಎಂದು ನೆಲವನ್ನು ಹಿಡಿದೇ ಹರಿದುಬರುವ ಒಂದು ಮಂದ್ರನಾದ. ಬ್ಯಾಂಡ್ ಸೆಟ್ಟಿನವರು ಅದನ್ನು ಬಾಸು ಎನ್ನುತ್ತಾರೆ. ಪಾಶ್ಚಾತ್ಯ ಸಂಗೀತಗ್ರಂಥಗಳಲ್ಲಿ ಅದರ ಹೆಸರು ಟ್ಯೂಬಾ. ಮಂದ್ರಸ್ವರದ ಅಲೆಗಳು ಉದ್ದವಾದವು, ಗೋಡೆಯ ಮೂಲೆಗಳನ್ನು ಬಳಸಿಕೊಂಡು ಬರಬಲ್ಲವು. ಅದಕ್ಕೇ ಅದು ಮೊದಲು ಕಿವಿಗೆ ಬೀಳುವುದು. ಮೆರವಣಿಗೆ ಹತ್ತಿರ ಬಂದ ಮೇಲೆ ಅದನ್ನು ಯಾರೂ ಗಮನಿಸುವುದಿಲ್ಲ. ಆದರೆ ಅದನ್ನು ಊದುವವನು ಒಂದು ಗಳಿಗೆ ಸುಮ್ಮನಾದರೆ ಸಾಕು, ಬ್ಯಾಂಡು ಬೇಳೆಯಿಲ್ಲದ ಸಾರಿನಂತೆ ತೆಳ್ಳಗಾಗಿಬಿಡುತ್ತದೆ.

ಈ ವಾದ್ಯದ ಗಾತ್ರವನ್ನು ಕುರಿತು ಬರೆಯಲು ಕಾರಣವಿದೆ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳ ನಮ್ಮ ಸೀಮೆಯಲ್ಲಿ ಬ್ಯಾಂಡು ಬಾರಿಸಿ ಹೊಟ್ಟೆ ಹೊರೆಯುವ ಸಂಸಾರಗಳುಂಟು. ವಳ್ಳೂರಿನಂಥ ಊರಿನ ಲಗ್ನಕ್ಕೆ ಒಪ್ಪಿಕೊಂಡ ಸೆಟ್ಟು ಬೆಳಗ್ಗೆ ಚಪ್ಪರದ ಕೆಳಗೆ ಕುಳಿತು ಕೀರ್ತನೆ ನುಡಿಸಬೇಕು, ರಾತ್ರಿ ಮೆರವಣಿಗೆಯಲ್ಲಿ ಸಿನಿಮಾ ಹಾಡು ಹೇಳಬೇಕು, ಮಾರನೆಯ ವಾರ ತೇರಿನ ಮುಂದೆ ನಡೆಯಬೇಕು, ಆಗಸ್ಟ್ ಹದಿನೈದರಂದು ಶಾಲೆಯ ಬಯಲಿನಲ್ಲಿ ರಾಷ್ಟ್ರಗೀತೆಗೆ ನಿಲ್ಲಬೇಕು. ಇಷ್ಟಕ್ಕೂ ಅವರ ಹತ್ತಿರ ಇರುವುದು ಒಂದೇ ಬಾಸು. ಅಂಥ ಸೆಟ್ಟೊಂದರ ಇಬ್ಬರು ಹುಡುಗರು ನನ್ನಲ್ಲಿ ಕನ್ನಡ ಓದಿದವರು. ಹಳೆಯ ಬಾಸು ತೂತು ಬಿದ್ದು ಬೆಸುಗೆಗೂ ಒಗ್ಗದಂತಾದಾಗ ಬಂದು ಕೇಳಿದರು: “ಮೇಷ್ಟ್ರೇ, ಒಂದಕ್ಕೇ ಸಾಲ ಎತ್ತೋಕಾಗೋದು. ದೊಡ್ಡದು ತರೋಣ್ವೋ, ಚಿಕ್ಕದು ತರೋಣ್ವೋ?” ಆಷಾಢದಲ್ಲಿ ಲಗ್ನವಿಲ್ಲ, ಬಡ್ಡಿಗೆ ಮಾತ್ರ ಆಷಾಢವಿಲ್ಲ. ವ್ಯಾಕರಣದ ಪ್ರಶ್ನೆಯಾಗಿದ್ದರೆ ನಿಂತಲ್ಲೇ ಉತ್ತರ ಹೇಳುತ್ತಿದ್ದೆ. ಇದಕ್ಕೆ ಚರಿತ್ರೆಯನ್ನು ತೆರೆದು ನೋಡಬೇಕಾಯಿತು.

ಊದುವ ಕೊಂಬು ನಮಗೆ ಹೊಸದಲ್ಲ. ಶಿರಾ, ಪಾವಗಡಗಳ ಗಡಿಯಾಚೆ ಇಂದು ಆಂಧ್ರಕ್ಕೆ ಸೇರಿರುವ ಹೇಮಾವತಿ ಒಂದು ಕಾಲಕ್ಕೆ ಹೆಂಜೇರು ಎನಿಸಿಕೊಂಡು ನೊಳಂಬರ ರಾಜಧಾನಿಯಾಗಿತ್ತು. ಆ ಅರಸರ ಶಾಸನಗಳು ಅವರನ್ನು ‘ಸಮಧಿಗತ ಪಂಚಮಹಾಶಬ್ದ’ರೆಂದು ಕೊಂಡಾಡುತ್ತವೆ. ಐದು ಮಹಾವಾದ್ಯಗಳನ್ನು ಮುಂದೆ ನುಡಿಸಿಕೊಂಡು ಸಾಗುವ ಹಕ್ಕನ್ನು ಪಡೆದವರು ಎಂದರ್ಥ. ಆ ಐದನ್ನು ಶೃಂಗ, ಶಂಖ, ತಮ್ಮಟ, ಭೇರಿ, ಜಯಘಂಟೆ ಎಂದು ಎಣಿಸುವುದು ವಾಡಿಕೆ. ಶೃಂಗವೆಂದರೆ ಕೊಂಬು. ಪ್ರಾಣಿಯ ತಲೆಯ ಮೇಲಿನದಕ್ಕೂ ಊದುವುದಕ್ಕೂ ಕನ್ನಡದಲ್ಲಿ ಒಂದೇ ಮಾತು. ಲ್ಯಾಟಿನ್ನಿನಲ್ಲಿಯೂ ಹಾಗೆಯೇ, ‘ಕಾರ್ನು’ ಎಂದರೆ ಎರಡೂ ಹೌದು. ರೋಮನರಲ್ಲಿ ಬಾಗಿದ ವಾದ್ಯ ಕಾರ್ನು, ನೆಟ್ಟಗಿನ ಯುದ್ಧಕಹಳೆ ಟ್ಯೂಬಾ. ಇಂದು ಟ್ಯೂಬಾ ಎನಿಸಿಕೊಳ್ಳುವುದಾದರೋ ಹೆಬ್ಬಾವಿನಂತೆ ಸುತ್ತಿಕೊಂಡದ್ದು. ಹೆಸರಿಟ್ಟವರು ನಿಘಂಟನ್ನು ನೋಡಲಿಲ್ಲವೆಂದು ಕಾಣುತ್ತದೆ!

ಹದಿಮೂರನೆಯ ಶತಮಾನದಲ್ಲಿ ದೇವಗಿರಿಯ ಸೇವುಣ ದೊರೆ ಸಿಂಘಣನ ಆಶ್ರಯದಲ್ಲಿದ್ದ ಶಾರ್ಙ್ಗದೇವನು ತನ್ನ ‘ಸಂಗೀತರತ್ನಾಕರ’ದಲ್ಲಿ ಕಹಳೆಯನ್ನು ವರ್ಣಿಸಿದ್ದಾನೆ: ಲೋಹದ್ದು, ಮೂರು ಮೊಳ ಉದ್ದ, ಬಾಯಿ ಉಮ್ಮತ್ತಿಯ ಹೂವಿನಂತೆ ಅರಳಿದ್ದು. ಅಕ್ಬರನ ನೌಬತ್ ಖಾನೆಯ ವಿವರ ಬರೆದ ಅಬುಲ್ ಫಜಲನು ಕರ್ನಾ ಎಂಬ ಉದ್ದನೆಯ ತುತ್ತೂರಿಯನ್ನೂ, ಹಸುವಿನ ಕೊಂಬಿನ ಆಕಾರದ ಹಿತ್ತಾಳೆಯ ಸಿಂಗ್ ಎಂಬುದನ್ನೂ ಹೇಳುತ್ತಾನೆ. ೧೬೮೭ರಲ್ಲಿ ನಮ್ಮ ಶಿರಾ ಮೊಗಲರ ಸುಬಾದ ಮುಖ್ಯಪಟ್ಟಣವಾದ ಮೇಲೆ ಆ ದರ್ಬಾರಿನ ಸಂಪ್ರದಾಯಗಳು ನಮ್ಮ ಸೀಮೆಯ ಬಾಗಿಲಿಗೇ ಬಂದವು. ಜಾತ್ರೆಯಲ್ಲಿ ಉರುಮೆ, ತಮಟೆಗಳ ನಡುವೆ ಕೊಂಬು ಮೊಳಗಿದಾಗ ಇವೆಲ್ಲವೂ ಒಟ್ಟಿಗೆ ನೆನಪಿಗೆ ಬರುತ್ತವೆ.

ಆದರೆ ಕೊಂಬಿಗೆ ಒಂದು ದೊಡ್ಡ ಕೊರತೆಯಿದೆ. ತೂತಿಲ್ಲದ ಕೊಳವೆಯಲ್ಲಿ ಬೇಕಾದ ಸ್ವರವೆಲ್ಲ ಬರುವುದಿಲ್ಲ. ಕೊಳವೆಯ ಉದ್ದಕ್ಕೆ ತಕ್ಕ ಒಂದು ಷಡ್ಜ. ತುಟಿ ಬಿಗಿ ಮಾಡಿದರೆ ಅದರ ಮೇಲಿನ ಷಡ್ಜ. ಇನ್ನೂ ಬಿಗಿದರೆ ಪಂಚಮ. ಆಮೇಲೆ ಮತ್ತೊಂದು ಷಡ್ಜ, ಗಾಂಧಾರ, ಪಂಚಮ. ಹೀಗೆ ಮೆಟ್ಟಿಲು ಬಿಟ್ಟ ಏಣಿ ಅದು. ಯುದ್ಧಕ್ಕೆ, ತೇರಿಗೆ, ಅರಸನ ಆಗಮನಕ್ಕೆ ಇಷ್ಟು ಸಾಕು. ಹಾಡಿಗೆ ಸಾಲದು.

ಈ ಬಿಟ್ಟ ಮೆಟ್ಟಿಲುಗಳನ್ನು ತುಂಬಿದ್ದು ಜರ್ಮನರ ಒಂದು ಉಪಾಯ. ೧೮೧೮ರಲ್ಲಿ ಸ್ಟೋಲ್ಜೆಲ್ ಮತ್ತು ಬ್ಲೂಮೆಲ್ ಎಂಬ ಇಬ್ಬರು ಪ್ರಷ್ಯ ದೇಶದಲ್ಲಿ ವಾಲ್ವಿಗೆ ಪೇಟೆಂಟು ಪಡೆದರು. ಬೆರಳಿನಿಂದ ಗುಂಡಿಯನ್ನು ಒತ್ತಿದರೆ ಕೊಳವೆಗೆ ಇನ್ನೊಂದು ತುಂಡು ಕೂಡಿಕೊಳ್ಳುತ್ತದೆ, ಸ್ವರ ಇಳಿಯುತ್ತದೆ, ಅಷ್ಟೆ. ಅದರ ಲೆಕ್ಕ ಮಾತ್ರ ಬಹು ಸೊಗಸು. ನಮ್ಮ ಹನ್ನೆರಡು ಸ್ವರಸ್ಥಾನಗಳನ್ನು ಮನಸ್ಸಿನಲ್ಲಿಟ್ಟುಕೊಂಡು ನೋಡಿ. ಎರಡನೆಯ ವಾಲ್ವು ಒಂದು ಸ್ಥಾನ ಇಳಿಸುತ್ತದೆ, ಮೊದಲನೆಯದು ಎರಡು, ಮೂರನೆಯದು ಮೂರು. ಮೂರನ್ನೂ ಒತ್ತಿದರೆ ಒಟ್ಟು ಆರು. ಷಡ್ಜಕ್ಕೂ ಪಂಚಮಕ್ಕೂ ನಡುವೆ ಬಿಟ್ಟುಹೋದ ಸ್ಥಾನಗಳೂ ಆರೇ! ಆದ್ದರಿಂದ ಮೂರು ವಾಲ್ವುಗಳಿದ್ದರೆ ಮೇಲಿನ ಸ್ಥಾಯಿಗಳೆಲ್ಲ ತುಂಬಿಬಂದವು. ತೀರ ಕೆಳಗಿನ ಷಡ್ಜಕ್ಕೂ ಅದರ ಮೇಲಿನ ಷಡ್ಜಕ್ಕೂ ನಡುವೆ ಮಾತ್ರ ಬಿಟ್ಟ ಸ್ಥಾನಗಳು ಹನ್ನೊಂದು, ಆರರಿಂದ ಪೂರೈಸದು. ಅಲ್ಲಿಗೆ ಐದು ಸ್ಥಾನ ಇಳಿಸುವ ನಾಲ್ಕನೆಯ ವಾಲ್ವು ಬೇಕು. ಈ ನಾಲ್ಕನೆಯ ವಾಲ್ವಿನ ಮಾತು ಮುಂದೆ ಮತ್ತೆ ಬರುತ್ತದೆ.

೧೮೩೫ರಲ್ಲಿ ಬರ್ಲಿನ್ನಿನ ದಂಡಿನ ಬ್ಯಾಂಡುಗಳ ಮುಖ್ಯಸ್ಥ ವೀಪ್ರೆಕ್ಟ್, ವಾದ್ಯಗಾರ ಮೋರಿಟ್ಜ್ ಇಬ್ಬರೂ ಸೇರಿ ಐದು ವಾಲ್ವಿನ ಬಾಸ್ ಟ್ಯೂಬಾವನ್ನು ಸಿದ್ಧಪಡಿಸಿದರು. ಅದಕ್ಕೆ ಮುಂಚೆ ಯೂರೋಪಿನ ಬ್ಯಾಂಡುಗಳಲ್ಲಿ ಮಂದ್ರಕ್ಕೆ ಇದ್ದದ್ದು ಹಾವಿನಂತೆ ಹೊರಳಿದ ಮರದ ‘ಸರ್ಪೆಂಟ್’, ಆಮೇಲೆ ಹಿತ್ತಾಳೆಯ ‘ಆಫಿಕ್ಲೈಡ್’. ಎರಡರಲ್ಲೂ ನಾದ ಒಂದೊಂದು ಸ್ವರಕ್ಕೆ ಒಂದೊಂದು ಬಗೆ. ಗಮನಿಸಬೇಕಾದ ಸಂಗತಿ ಬೇರೆ ಇದೆ. ಮೊದಲು ಹುಟ್ಟಿದ ಟ್ಯೂಬಾ ದೊಡ್ಡದಲ್ಲ. ಇಂದಿನ ನಾಲ್ಕು ಅಳತೆಗಳಲ್ಲಿ ಅದು ಎಲ್ಲಕ್ಕಿಂತ ಚಿಕ್ಕದು. ದಂಡಿನ ಜೊತೆ ನಡೆಯಬೇಕಾದ ವಾದ್ಯವಲ್ಲವೆ? ಹತ್ತಿಪ್ಪತ್ತು ವರ್ಷ ಕಳೆಯುವುದರೊಳಗೆ ಬೊಹೀಮಿಯದ ಚೆರ್ವೆನಿ ಮೊದಲಾದವರು ಅದಕ್ಕಿಂತ ಭಾರಿಯಾದವುಗಳನ್ನು ಮಾಡಿದರು.

ಆ ನಾಲ್ಕು ಅಳತೆಗಳನ್ನು ನಮ್ಮ ಲೆಕ್ಕದಲ್ಲೇ ಹೇಳುತ್ತೇನೆ. ಸುತ್ತು ಬಿಡಿಸಿ ಉದ್ದಕ್ಕೆ ಚಾಚಿದರೆ ಎಲ್ಲಕ್ಕಿಂತ ಚಿಕ್ಕದು ಸುಮಾರು ೧೨ ಅಡಿ, ಎಂದರೆ ಎಂಟು ಮೊಳ. ಇದರ ಶ್ರುತಿಯನ್ನು ಪಾಶ್ಚಾತ್ಯರು ಎಫ್ ಎನ್ನುತ್ತಾರೆ, ನಮ್ಮ ಹಾರ್ಮೋನಿಯಂ ಭಾಷೆಯಲ್ಲಿ ನಾಲ್ಕು ಮನೆ. ಎರಡನೆಯದು ಸುಮಾರು ೧೩ ಅಡಿ, ಎಂಟೂ ಮುಕ್ಕಾಲು ಮೊಳದ ಹತ್ತಿರ. ಈ-ಫ್ಲಾಟ್, ಅಂದರೆ ಎರಡೂವರೆ ಮನೆ. ಮೂರನೆಯದು ೧೬ ಅಡಿ. ಸಿ, ಒಂದು ಮನೆ. ನಾಲ್ಕನೆಯದು ೧೮ ಅಡಿ, ಹನ್ನೆರಡು ಮೊಳ; ಬಿ-ಫ್ಲಾಟ್, ಆರೂವರೆ ಮನೆ, ಆದರೆ ಕೆಳಗಿನ ಸ್ಥಾಯಿಯದು. ಶಾರ್ಙ್ಗದೇವನ ಕಹಳೆಗೆ ನಾಲ್ಕು ಪಾಲು! ಹೀಗೆ ಕೊಳವೆ ಉದ್ದವಾದಷ್ಟೂ ನಾದ ಆಳಕ್ಕೆ ಇಳಿಯುತ್ತದೆ, ತುಂಬಲು ಉಸಿರು ಹೆಚ್ಚು ಬೇಕಾಗುತ್ತದೆ, ಹೆಗಲಿಗೆ ಭಾರ ಏರುತ್ತದೆ. ದೊಡ್ಡದು ಹತ್ತು ಕಿಲೋಗೂ ಹೆಚ್ಚು ತೂಗುವುದುಂಟು. ಮೆರವಣಿಗೆಯವರಿಗಾಗಿ ಅಮೆರಿಕದ ಬ್ಯಾಂಡ್ ನಾಯಕ ಸೂಸಾ ೧೮೯೦ರ ದಶಕದಲ್ಲಿ ಹೆಗಲಿಗೆ ಸುತ್ತಿಕೊಳ್ಳುವ ಇನ್ನೊಂದು ರೂಪವನ್ನು ಮಾಡಿಸಿದ. ಅದೇ ಸೂಸಾಫೋನು. ಮೊದಲು ಅದರ ಬಾಯಿ ಆಕಾಶವನ್ನು ನೋಡುತ್ತಿದ್ದುದರಿಂದ ಜನ ಅದನ್ನು ‘ಮಳೆ ಹಿಡಿಯುವ ಪಾತ್ರೆ’ ಎಂದು ಹಾಸ್ಯ ಮಾಡಿದರಂತೆ.

ಇದು ನಮ್ಮ ನಾಡಿಗೆ ಬಂದದ್ದು ಇಂಗ್ಲಿಷರ ದಂಡಿನ ಜೊತೆ. ಬೆಂಗಳೂರಿನ ದಂಡುಪ್ರದೇಶದ ಪಲಟಣಗಳಿಗೆ ಬ್ಯಾಂಡುಗಳಿದ್ದವು; ಕಬ್ಬನ್ ಪಾರ್ಕಿನ ಎಂಟು ಮೂಲೆಯ ಬ್ಯಾಂಡ್ ಸ್ಟ್ಯಾಂಡು ಆ ಕಾಲದ ಗುರುತಾಗಿ ಇಂದಿಗೂ ನಿಂತಿದೆ. ಉತ್ತರದ ಮೀರತ್ತಿನಲ್ಲಿ ನಾದಿರ್ ಅಲಿ ಎಂಬ ದಂಡಿನ ಬ್ಯಾಂಡ್ ನಾಯಕರ ಹೆಸರಿನಲ್ಲಿ ೧೮೮೫ರಲ್ಲಿ ಸ್ಥಾಪನೆಯಾದ ಕಂಪನಿಯೂ, ಅದರ ಸುತ್ತ ಜಾಲಿ ಕೋಠಿಯ ಬೀದಿಯಲ್ಲಿ ಬೆಳೆದ ಕುಶಲಕರ್ಮಿಗಳೂ ಹಿತ್ತಾಳೆ ವಾದ್ಯಗಳನ್ನು ಮಾಡತೊಡಗಿದ ಮೇಲೆ, ದಂಡಿನ ಬ್ಯಾಂಡು ಬಡವರ ಮದುವೆಗೂ ಬಂತು.

ಮೈಸೂರಿನ ಕಥೆ ಇನ್ನೂ ರಸವತ್ತಾದುದು. ನಾಲ್ವಡಿ ಕೃಷ್ಣರಾಜ ಒಡೆಯರು ಕರ್ನಾಟಕ ಸಂಗೀತವನ್ನು ಪೋಷಿಸಿದ ಹಾಗೆಯೇ ಪಾಶ್ಚಾತ್ಯ ವಾದ್ಯವೃಂದವನ್ನೂ ಪೋಷಿಸಿದರು. ಆಟೋ ಶ್ಮಿಟ್ ಎಂಬ ಜರ್ಮನರು ಅರಮನೆಯ ಆ ವೃಂದವನ್ನು ನಡೆಸಿದರು. ಜಯಚಾಮರಾಜ ಒಡೆಯರಂತೂ ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತಶಾಲೆಯ ಲೈಸೆನ್ಷಿಯೇಟ್ ಪದವಿ ಪಡೆದವರು. ೧೯೫೦ರ ಮೇ ೨೨ರಂದು ಲಂಡನ್ನಿನ ಆಲ್ಬರ್ಟ್ ಹಾಲಿನಲ್ಲಿ ರಿಚರ್ಡ್ ಸ್ಟ್ರಾಸ್ ಎಂಬ ಮಹಾವಾಗ್ಗೇಯಕಾರರ ಕೊನೆಯ ನಾಲ್ಕು ಗೀತೆಗಳು ಮೊದಲ ಬಾರಿಗೆ ಹಾಡಲ್ಪಟ್ಟಾಗ ಅದರ ಖರ್ಚಿಗೆ ಹೊಣೆ ನಿಂತವರು ನಮ್ಮ ಈ ಮಹಾರಾಜರು. ಆ ಗೀತೆಗಳ ವಾದ್ಯವೃಂದದಲ್ಲಿ ಒಂದು ಟ್ಯೂಬಾ ಇದೆ. ಮೈಸೂರಿನ ಹಣ ಅದಕ್ಕೂ ಸಂದಿತೆಂದು ಹೆಮ್ಮೆಪಡಲು ಅಡ್ಡಿಯಿಲ್ಲ. ದಸರೆಯಲ್ಲಿ ಪೊಲೀಸ್ ಬ್ಯಾಂಡಿನವರು ಇಂಗ್ಲಿಷ್ ಬ್ಯಾಂಡು, ಕರ್ನಾಟಕ ವಾದ್ಯವೃಂದ ಎರಡನ್ನೂ ಇಂದಿಗೂ ನಡೆಸಿಕೊಂಡು ಬರುತ್ತಿದ್ದಾರೆ.

ಇರಲಿ. ಅರಮನೆಗೆ ಅಳತೆಯ ಚಿಂತೆಯಿಲ್ಲ. ಚಿಕ್ಕದು ಬೇಕಾದಲ್ಲಿ ಚಿಕ್ಕದು, ದೊಡ್ಡದು ಬೇಕಾದಲ್ಲಿ ದೊಡ್ಡದು. ಇಂಗ್ಲೆಂಡಿನ ಹಿತ್ತಾಳೆ ಬ್ಯಾಂಡುಗಳಲ್ಲಿಯೂ ಈ-ಫ್ಲಾಟಿನವು ಎರಡು, ಬಿ-ಫ್ಲಾಟಿನವು ಎರಡು ಎಂದು ನಾಲ್ವರು ಕೂಡುವುದು ಪದ್ಧತಿ. ಒಬ್ಬನೇ ಎಲ್ಲವನ್ನೂ ಮಾಡಬೇಕಾದ ಕಡೆ ಮಾತ್ರ ಪ್ರಶ್ನೆ ಹುಟ್ಟುವುದು. ಅದಕ್ಕೆ ಉತ್ತರ ಹುಡುಕುತ್ತ ನಾನು ನಮ್ಮ ವಾಲಗದ ಚರಿತ್ರೆಗೆ ಬಂದೆ. ಏಕೆಂದರೆ ಇದೇ ಪ್ರಶ್ನೆಯನ್ನು ನಾಗಸ್ವರದವರು ನಮ್ಮ ಅಜ್ಜಂದಿರ ಕಾಲದಲ್ಲಿ ಎದುರಿಸಿ, ತೀರ್ಮಾನವನ್ನೂ ಮಾಡಿಕೊಂಡರು.

ನಾಗಸ್ವರದಲ್ಲಿ ತಿಮಿರಿ, ಬಾರಿ ಎಂದು ಎರಡು ಮುಖ್ಯ ಅಳತೆಗಳು. ತಿಮಿರಿ ಗಿಡ್ಡದು, ಶ್ರುತಿ ನಾಲ್ಕೈದು ಮನೆಯ ಸುತ್ತಿನದು. ಬಾರಿ ಉದ್ದನೆಯದು, ಎರಡು-ಎರಡೂವರೆ ಮನೆಗೆ ಇಳಿಯುವಂಥದು. ಹಿಂದೆ ಎಲ್ಲ ಕಡೆ ನಡೆಯುತ್ತಿದ್ದುದು ತಿಮಿರಿಯೇ. ಉತ್ಸವಮೂರ್ತಿಯ ಮುಂದೆ ರಥಬೀದಿಯಲ್ಲಿ ನಿಂತು ಊದಿದರೆ ಅರ್ಧ ಮೈಲಿ ಆಚೆಗೂ ಕೇಳಬೇಕಲ್ಲ. ಅಂಥ ಕೆಲಸಕ್ಕೆ ಆ ಚೂಪಾದ ನಾದವೇ ಸರಿ. ಆದರೆ ಅದರಲ್ಲಿ ಒಂದು ತೊಡಕಿತ್ತು. ಪ್ರತಿಮಧ್ಯಮ ಸಲೀಸಾಗಿ ಬರುತ್ತಿತ್ತು, ಶುದ್ಧಮಧ್ಯಮ ಬರುತ್ತಿರಲಿಲ್ಲ. ವಿದ್ವಾಂಸರು ಉಸಿರಿನ ಹಿಡಿತದಿಂದಲೇ ಅದನ್ನು ತಂದುಕೊಳ್ಳಬೇಕಾಗಿತ್ತು. ತಿರುವಾವಡುದುರೈನ ಟಿ. ಎನ್. ರಾಜರತ್ನಂ ಪಿಳ್ಳೆಯವರು (೧೮೯೮–೧೯೫೬) ಈ ಕಟ್ಟನ್ನು ಬಿಡಿಸಲು ಹೊರಟರು. ಕುಂಭಕೋಣದ ಸೀಮೆಯ ನರಸಿಂಗನ್‌ಪೇಟೆಯ ರಂಗನಾಥನ್ ಆಚಾರಿಯವರು ಅವರಿಗಾಗಿ ಶುದ್ಧಮಧ್ಯಮ ಸರಿಯಾಗಿ ನುಡಿಯುವ ಬಾರಿ ನಾಗಸ್ವರವನ್ನು ಕೊರೆದುಕೊಟ್ಟರು. ಆಚಾ ಎಂದು ತಮಿಳರು ಕರೆಯುವ ಆ ಮರ ಬೇರೆ ಯಾವುದೂ ಅಲ್ಲ, ನಮ್ಮ ಒಣ ಕಾಡುಗಳ ಕಮರ! ಹಳೆಯ ಮನೆಗಳ ಕಂಬ ತೊಲೆಗಳಲ್ಲಿ ಹಲವು ಕಾಲ ಬಲಿತ ಕಮರವನ್ನೇ ಅವರು ಆರಿಸುತ್ತಾರೆ. ನರಸಿಂಗನ್‌ಪೇಟೆಯ ನಾಗಸ್ವರಕ್ಕೆ ೨೦೨೨ರಲ್ಲಿ ಭೌಗೋಳಿಕ ಗುರುತಿನ ಮನ್ನಣೆಯೂ ದೊರೆಯಿತು. ನಮ್ಮ ಕಡೆ ಅದೇ ಮರ ಬಹುಪಾಲು ಸೌದೆಯಾಗಿ, ನೇಗಿಲಾಗಿ ಮುಗಿದುಹೋಯಿತು.

ನೋಡಿ, ಇಲ್ಲಿ ಗಾತ್ರ ಹೆಚ್ಚಿತು. ಆದರೆ ದೊಡ್ಡಸ್ತಿಕೆಗಾಗಿ ಹೆಚ್ಚಲಿಲ್ಲ. ರಾಗವನ್ನು ಗಂಟೆಗಟ್ಟಲೆ ವಿಸ್ತರಿಸುವ ಕಚೇರಿಗಾಗಿ ಹೆಚ್ಚಿತು. ಧ್ವನಿವರ್ಧಕ ಬಂದ ಮೇಲೆ ಅರ್ಧ ಮೈಲಿ ದಾಟಿಸುವ ಭಾರ ವಾದ್ಯದ ಮೇಲಿನಿಂದ ಇಳಿಯಿತು. ಆಗ ಇಂಪನ್ನು ನೋಡಿಕೊಳ್ಳಲು ಬಿಡುವಾಯಿತೆಂದು ನಾನು ಭಾವಿಸುತ್ತೇನೆ. ೧೯೩೫ರಲ್ಲಿ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಲ್ಲಿ ‘ಆಕಾಶವಾಣಿ’ಯನ್ನು ಆರಂಭಿಸಿದ ಕಾಲವೂ ಹೆಚ್ಚುಕಡಮೆ ಅದೇ. ಬೆಳಗಿನ ಹೊತ್ತು ರೇಡಿಯೋದಲ್ಲಿ ಬರುವ ಮಂಗಳವಾದ್ಯವನ್ನು ನಿಮ್ಮ ಮನೆಯ ಪುಟ್ಟ ಕೋಣೆಯಲ್ಲಿ ಕೇಳುವಾಗ ಕಿವಿ ನೋಯದಿರುವುದಕ್ಕೆ ಮೈಕಿನ ಮುಂದೆ ಬಾರಿ ಕುಳಿತದ್ದೂ ಒಂದು ಕಾರಣ.

ದಕ್ಷಿಣ ಕನ್ನಡದಿಂದ ಇನ್ನೊಂದು ನಿದರ್ಶನ ಕೊಡುತ್ತೇನೆ. ಬಂಟವಾಳ ತಾಲ್ಲೂಕಿನ ಸಜಿಪಮೂಡದಲ್ಲಿ ೧೯೪೯ರಲ್ಲಿ ಹುಟ್ಟಿದ ಕದ್ರಿ ಗೋಪಾಲನಾಥರು ನಾಗಸ್ವರದ ಮನೆತನದವರು. ಮೈಸೂರಿನ ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನನ್ನು ಕೇಳಿ ಅದರಲ್ಲಿ ಮನಸ್ಸಿಟ್ಟರು. ಬೆಲ್ಜಿಯಂ ದೇಶದ ಆಡಾಲ್ಫ್ ಸ್ಯಾಕ್ಸ್ ೧೮೪೬ರಲ್ಲಿ ಪೇಟೆಂಟು ಪಡೆದ ಆ ವಾದ್ಯಕುಟುಂಬದಲ್ಲಿ ಸೊಪ್ರಾನೊ, ಆಲ್ಟೊ, ಟೆನರ್, ಬ್ಯಾರಿಟೋನ್ ಮುಂತಾದ ಅಳತೆಗಳಿವೆ. ಗೋಪಾಲನಾಥರು ಹಿಡಿದದ್ದು ಆಲ್ಟೊವನ್ನು. ಅದೂ ಈ-ಫ್ಲಾಟಿನದೇ. ಕಿರಿದೂ ಅಲ್ಲ, ಹಿರಿದೂ ಅಲ್ಲ. ಮನುಷ್ಯನ ಕಂಠಕ್ಕೆ ಹತ್ತಿರ. ಆಮೇಲೆ ಗಮಕಕ್ಕೆ ಒಗ್ಗುವಂತೆ ಅದನ್ನು ತಿದ್ದಿಕೊಂಡರು. ೨೦೦೪ರಲ್ಲಿ ಪದ್ಮಶ್ರೀ ಬಂತು, ೨೦೧೯ರಲ್ಲಿ ತೀರಿಕೊಂಡರು. ಬ್ಯಾಂಡಿನ ವಾದ್ಯವೊಂದು ಸಭಾಂಗಣದ ಗದ್ದುಗೆಗೆ ಏರಬಲ್ಲುದೆಂಬುದನ್ನು ತೋರಿಸಿಕೊಟ್ಟವರಲ್ಲಿ ಅವರೂ ಒಬ್ಬರು.

ಈಗ ನಮ್ಮ ಹುಡುಗರ ಬಾಸಿಗೆ ಬರೋಣ. ಪರದೇಶಗಳಲ್ಲಿಯೂ ಒಮ್ಮತವಿಲ್ಲ. ಅಮೆರಿಕದ ದೊಡ್ಡ ವೃಂದಗಳಲ್ಲಿ ಸಿ ಹೆಚ್ಚು. ಜರ್ಮನರು ಮೇಲಿನ ಕೆಲಸಕ್ಕೆ ಎಫ್, ಕೆಳಗಿನ ಕೆಲಸಕ್ಕೆ ಬಿ-ಫ್ಲಾಟ್ ಎಂದು ಎರಡಿಟ್ಟುಕೊಳ್ಳುತ್ತಾರೆ. ಒಂದರಲ್ಲೇ ಎಲ್ಲವನ್ನೂ ಸಾಗಿಸುವ ವಿದ್ಯೆಯನ್ನು ಇಂಗ್ಲಿಷರಿಂದ ಕಲಿಯಬೇಕು. ೧೯೬೮ರಿಂದ ೧೯೮೭ರಲ್ಲಿ ತೀರಿಕೊಳ್ಳುವವರೆಗೆ ಲಂಡನ್ ಸಿಂಫನಿ ವೃಂದದಲ್ಲಿದ್ದ ಜಾನ್ ಫ್ಲೆಚರ್ ಎಂಬ ವಿದ್ವಾಂಸರು ಮಹಾವೃಂದದಲ್ಲಿಯೂ, ಹತ್ತು ಜನರ ಹಿತ್ತಾಳೆ ಮೇಳದಲ್ಲಿಯೂ, ಏಕವಾದ್ಯವಾಗಿಯೂ ಬಹುಮಟ್ಟಿಗೆ ನುಡಿಸಿದ್ದು ಈ-ಫ್ಲಾಟ್ ಟ್ಯೂಬಾ. ವಾನ್ ವಿಲಿಯಮ್ಸ್ ೧೯೫೪ರಲ್ಲಿ ಟ್ಯೂಬಾಕ್ಕೆಂದೇ ಒಂದು ಕಂಚೆರ್ಟೊ ರಚಿಸುವ ತನಕ ‘ಭೋಂ ಭೋಂ’ ಎನ್ನುವುದಷ್ಟೇ ಇದರ ಪಾಡು ಎಂದು ತಿಳಿದಿದ್ದವರು ಯೂರೋಪಿನಲ್ಲೂ ಬೇಕಾದಷ್ಟಿದ್ದರು.

ನಾಲ್ಕು ವಾಲ್ವಿನ ಈ-ಫ್ಲಾಟನ್ನು ತನ್ನಿರೆಂದು ನಾನು ಹೇಳಿದೆ. ಕಾರಣಗಳನ್ನು ನೀವೂ ತೂಗಿ ನೋಡಬಹುದು. ಅದರ ಷಡ್ಜ ಎರಡೂವರೆ ಮನೆಯದು. ಬಾರಿ ನಾಗಸ್ವರದ್ದೂ ಅಲ್ಲಿಯೇ. ಕಾಕತಾಳೀಯವೇ ಆದರೂ, ಗುಡಿಯ ಮುಂದೆ ವಾಲಗ ನಿಂತ ಕೂಡಲೆ ಬ್ಯಾಂಡು ಎತ್ತಿಕೊಳ್ಳಬೇಕಾದಾಗ ಕಿವಿಗೆ ತೊಡರಿಲ್ಲ. ಕುಳಿತು ನುಡಿಸುವಾಗ ತೊಡೆಯ ಮೇಲೆ ನಿಲ್ಲುತ್ತದೆ, ನಡೆಯುವಾಗ ಪಟ್ಟಿಯಲ್ಲಿ ತೂಗಿಕೊಳ್ಳಬಹುದು. ನಾಲ್ಕನೆಯ ವಾಲ್ವು ಇದ್ದರೆ ಬಿ-ಫ್ಲಾಟಿನ ಕೆಳಗಿನ ಸ್ವರಗಳ ಬಹುಭಾಗ ಇದರಲ್ಲೂ ದೊರಕುತ್ತದೆ. ಬಿ-ಫ್ಲಾಟಿನ ತಳದ ಷಡ್ಜ ಸೆಕೆಂಡಿಗೆ ಸುಮಾರು ೨೯ ಕಂಪನ, ಈ-ಫ್ಲಾಟಿನದು ೩೯. ಬಯಲಿನಲ್ಲಿ ಆ ಹತ್ತು ಕಂಪನದ ವ್ಯತ್ಯಾಸ ಎದೆಗೆ ತಾಗುವುದು ನಿಜ. ಆದರೆ ಸಣ್ಣ ರೇಡಿಯೋ ಪೆಟ್ಟಿಗೆಯಲ್ಲಿ ೨೯ನ್ನೂ ಕೇಳಲಾರಿರಿ, ೩೯ನ್ನೂ ಕೇಳಲಾರಿರಿ. ಅಷ್ಟು ಕೆಳಗಿನ ಕಂಪನವನ್ನು ಕೊಡುವ ಶಕ್ತಿ ಆ ಪುಟ್ಟ ಸ್ಪೀಕರಿಗೆ ಇಲ್ಲ. ಮೇಲಿನ ಅನುಸ್ವರಗಳು ಮಾತ್ರ ಬರುತ್ತವೆ. ಅವುಗಳಿಂದ ತಳದ ಸ್ವರವನ್ನು ನಮ್ಮ ಕಿವಿ ತಾನೇ ಊಹಿಸಿಕೊಳ್ಳುತ್ತದೆ. ಆದ್ದರಿಂದ ಮೈಕಿನ ಮುಂದೆ ಗೆಲ್ಲುವುದು ಆಳವಲ್ಲ, ಸ್ಪಷ್ಟತೆ.

ಅಂಗಡಿಯವರು ಇನ್ನೊಂದು ಲೆಕ್ಕ ಹೇಳುತ್ತಾರೆ: ಮುಕ್ಕಾಲು, ಒಂದು, ಒಂದೂಕಾಲು, ಒಂದೂವರೆ ಎಂದು. ಇದಕ್ಕೂ ಶ್ರುತಿಗೂ ಸಂಬಂಧವಿಲ್ಲವೆಂಬುದನ್ನು ಚೆನ್ನಾಗಿ ತಿಳಿಯಬೇಕು. ಒಂದೇ ಶ್ರುತಿಯ ಕೊಳವೆ ಎಷ್ಟು ದಪ್ಪ, ಬಾಯಿ ಎಷ್ಟು ಅಗಲ ಎಂಬುದಷ್ಟೇ ಅದರ ಅರ್ಥ. ಸೇರು, ಮಣಗಳಂತೆ ಗೊತ್ತಾದ ಅಳತೆಯೂ ಅಲ್ಲ. ಒಬ್ಬನ ಮುಕ್ಕಾಲು ಇನ್ನೊಬ್ಬನ ಒಂದಾಗಿರಬಹುದು. ಒಬ್ಬನೇ ಬಾಸಿರುವ ಹತ್ತು ಹನ್ನೆರಡು ಜನರ ಸೆಟ್ಟಿಗೆ ‘ಒಂದು’ ಧಾರಾಳವಾಗಿ ಸಾಕು. ‘ಒಂದೂವರೆ’ ಎಂಬುದು ಅರವತ್ತು ಎಪ್ಪತ್ತು ಜನರ ವೃಂದದ ಹಿಂದೆ ಕುಳಿತವನಿಗೆ. ನಮ್ಮವನು ಅದನ್ನು ಹಿಡಿದರೆ ಎರಡನ್ನೂ ಕಳೆದುಕೊಳ್ಳುತ್ತಾನೆ, ಉಸಿರನ್ನೂ ಹಾಡನ್ನೂ.

ನಾಲ್ಕನೆಯ ವಾಲ್ವಿನಲ್ಲಿಯೂ ಒಂದು ಸೂಕ್ಷ್ಮವಿದೆ. ಅದನ್ನು ಒತ್ತಿದಾಗ ಇಡೀ ಕೊಳವೆಯೇ ಉದ್ದವಾದಂತಾಗುತ್ತದೆ. ಆಗ ಉಳಿದ ವಾಲ್ವುಗಳ ತುಂಡುಗಳು ಮೊದಲಿನ ಅಳತೆಯಲ್ಲೇ ಉಳಿದರೆ ಸಾಲವು. ಪಂಚೆಗೆ ಸಾಕಾದ ಅಂಚು ಸೀರೆಗೆ ಸಾಲದಂತೆ. ಸ್ವರ ಮೇಲಕ್ಕೆ ಸರಿದು ಅಪಶ್ರುತಿಯಾಗುತ್ತದೆ. ೧೮೭೪ರಲ್ಲಿ ಲಂಡನ್ನಿನ ಬ್ಲೇಕ್‌ಲಿ ಎಂಬವರು ಇದಕ್ಕೆ ಪರಿಹಾರ ಕಂಡರು: ವಾಲ್ವುಗಳನ್ನು ಕೂಡಿಸಿ ಒತ್ತಿದಾಗ ಬೇಕಾದ ಹೆಚ್ಚಿನ ತುಂಡುಗಳು ತಾವಾಗಿಯೇ ಸೇರಿಕೊಳ್ಳುವ ಏರ್ಪಾಡು. ಅಂಥದು ಸಿಕ್ಕಿದರೆ ಸೆಕೆಂಡ್ ಹ್ಯಾಂಡ್ ಆದರೂ ಬಿಡಬಾರದು. ಹೊಳಪಿಗೆ ಮರುಳಾಗಿ ಹೊಸ ಸೂಸಾಫೋನು ತರುವವರನ್ನು ಕಂಡಿದ್ದೇನೆ; ಫೋಟೋದಲ್ಲಿ ಅದು ಬಹಳ ಚೆನ್ನಾಗಿ ಬರುತ್ತದೆ.

ಕೊಳ್ಳುವ ಮುಂಚೆ ಮಾಡಬೇಕಾದದ್ದಿಷ್ಟು. ಅಂಗಡಿಯೊಳಗೆ ಊದಿ ಒಪ್ಪಿಕೊಳ್ಳಬೇಡಿ. ಅಲ್ಲಿ ಗೋಡೆಗಳೇ ಅರ್ಧ ನಾದ ಕೊಡುತ್ತವೆ. ಬೀದಿಗೆ ತಂದು ಊದಿರಿ; ಜೊತೆಯವನೊಬ್ಬ ಇನ್ನೂರು ಹೆಜ್ಜೆ ದೂರ ನಿಂತು ಕೇಳಲಿ. ತಳದ ಷಡ್ಜದಿಂದ ಮೇಲಿನ ಷಡ್ಜದವರೆಗೆ ಹನ್ನೆರಡು ಸ್ಥಾನಗಳನ್ನೂ ಹಾರ್ಮೋನಿಯಮ್ಮಿನ ಎದುರಿಗಿಟ್ಟು ಒಂದೊಂದಾಗಿ ನೋಡಿರಿ. ವಂಚನೆಯೇನಿದ್ದರೂ ಕೆಳಗಿನ ಐದರಲ್ಲಿಯೇ ಇರುತ್ತದೆ. ವಾಲ್ವು ಒತ್ತಿ ಬಿಟ್ಟರೆ ಹಿಂದಕ್ಕೆ ಬರಲು ತಡವಾಗಬಾರದು. ಆಮೇಲೆ ಅದನ್ನು ಊದುವವನ ಹೆಗಲಿಗೇ ಹಾಕಿ ಅರ್ಧ ಗಂಟೆ ನಡೆಸಿ, ನಿಂತ ಕೂಡಲೆ ಒಂದು ಪಲ್ಲವಿ ಊದಿಸಿರಿ. ನಮ್ಮ ಹುಡುಗರು ಹಾಗೆ ಮಾಡಿ ಹಳೆಯದೊಂದು ಈ-ಫ್ಲಾಟನ್ನು ತಂದಿದ್ದಾರೆ. ನಾಲ್ಕನೆಯ ವಾಲ್ವಿನ ಸ್ಪ್ರಿಂಗು ಬದಲಾಯಿಸಬೇಕಾಗಿ ಬಂತು. ಬಾಯಿಯ ಹತ್ತಿರ ಒಂದು ಸೊಟ್ಟು ಇನ್ನೂ ಹಾಗೆಯೇ ಇದೆ. ಕಾರ್ತೀಕದಲ್ಲಿ ಮೊದಲ ಲಗ್ನಕ್ಕೆ ಒಪ್ಪಿಕೊಂಡಿದ್ದಾರೆ.